ಹುಳ ಗೂಡು ಕಟ್ಟುವವರೆಗೆ ಕೋಟೆ ಬೀಳಬಾರದು

ನಂದಿದುರ್ಗದ ಮೇಲೆ ಕಂಪನಿ ಸೇನೆ ದಂಡೆತ್ತಿ ಬಂದದ್ದು ೧೭೯೧ರಲ್ಲಿ. ಎರಡನೆಯ ಸಲ ಬಂದದ್ದು ಈ ವರ್ಷ, ಎರಡು ಕ್ಯಾಂಟರ್ ಮತ್ತು ಒಂದು ಕ್ಯಾರವಾನಿನಲ್ಲಿ. ಮೊದಲ ಸಲ ಅದು ನೇರವಾಗಿ ಬೆಟ್ಟಕ್ಕೇ ಹೋಗಿತ್ತು. ಈ ಸಲ ಬೆಟ್ಟದ ಮೇಲೆ ಶೂಟಿಂಗಿಗೆ ಅನುಮತಿ ಸಿಗದೆ, ಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವ ಶಿಡ್ಲಘಟ್ಟ ತಾಲ್ಲೂಕಿನ ಬಂಡೆಹೊಸಹಳ್ಳಿಗೆ ಬಂದು, ಮುನಿವೆಂಕಟಪ್ಪನವರ ರಾಗಿ ಹೊಲದಲ್ಲಿ ಪ್ಲೈವುಡ್ಡಿನ ಕೋಟೆ ಕಟ್ಟಿಕೊಂಡಿತು.

ಟೀವಿ ಧಾರಾವಾಹಿಗೆ ಜನ ಬೇಕು, ಫೋಟೋ ತೆಗೆಸಿಕೊಳ್ಳಲು ಶಾಲೆ ಮೈದಾನಕ್ಕೆ ಬನ್ನಿ ಎಂದು ಸಹಾಯಕ ನಿರ್ದೇಶಕ ನರಸಿಂಹಮೂರ್ತಿ ಮೈಕಿನಲ್ಲಿ ಕೂಗಿದ. ಊರು ಬಂತು. ಊರಾಚೆಯ ಕಾಲೋನಿಯೂ ಬಂತು. ಸಾಲಾಗಿ ನಿಲ್ಲಿ ಎಂದಷ್ಟೇ ಅವನು ಹೇಳಿದ್ದು. ಎರಡು ಸಾಲು ಮಾಡಿ ಎಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹಾಲಿನ ಡೈರಿಯ ಮುಂದೆ ನಿಲ್ಲುವ ಹಾಗೆ, ನಲ್ಲಿಯ ಮುಂದೆ ಬಿಂದಿಗೆಗಳೂ ನಿಲ್ಲುವ ಹಾಗೆ, ಊರಿನವರದ್ದು ಒಂದು ಸಾಲಾಯಿತು, ಕಾಲೋನಿಯವರದ್ದು ಇನ್ನೊಂದು. ನಡುವೆ ಒಂದು ಎತ್ತಿನಗಾಡಿ ಹೋಗುವಷ್ಟು ಜಾಗ. ಬೆಂಗಳೂರಿನ ನರಸಿಂಹಮೂರ್ತಿಗೆ ಆ ಜಾಗ ಕಾಣಲಿಲ್ಲ, ಶಿಸ್ತು ಕಂಡಿತು.

"ಎಂಥಾ ಡಿಸಿಪ್ಲಿನ್ ಮೇಡಂ ಇಲ್ಲಿಯ ಜನ!" ಎಂದು ನಿರ್ದೇಶಕಿ ಹರಿಣಿಗೆ ಫೋನಿನಲ್ಲಿ ಹೇಳಿದ. "ತಾವಾಗೇ ಎರಡು ಸೈನ್ಯ ಆಗಿ ನಿಂತಿದಾರೆ. ಈ ಸಾಲು ಕೋಟೆ ಒಳಗಿನೋರು, ಆ ಸಾಲು ಕಂಪನಿ ಸಿಪಾಯಿಗಳು. ಬರ್ಕೊಂಡ್ಬಿಟ್ಟೆ."

ಹೀಗೆ, ಇತಿಹಾಸ ಗೊತ್ತಿಲ್ಲದ ಒಬ್ಬನ ಕೈಯಿಂದ, ಊರು ಸೋಲುವ ಸೈನ್ಯಕ್ಕೂ ಕಾಲೋನಿ ಗೆಲ್ಲುವ ಸೈನ್ಯಕ್ಕೂ ಭರ್ತಿಯಾಯಿತು.

ಊರಿನ ಸಾಲಿನ ಮೊದಲಿಗೆ ನಿಂತಿದ್ದವರು ಮುನಿವೆಂಕಟಪ್ಪ. ಹೊಲ ಕೊಟ್ಟವರು, ಎರಡು ಸಲ ಪಂಚಾಯ್ತಿ ಅಧ್ಯಕ್ಷರಾಗಿದ್ದವರು, ಮೀಸೆಗೆ ಕಪ್ಪು ಹಚ್ಚಿಕೊಂಡು ಬಂದಿದ್ದವರು. ಅವರನ್ನು ಕೋಟೆ ಕಾಯುವ ಕಿಲ್ಲೇದಾರ ಮಾಡಿದರು. ಕಾಲೋನಿ ಸಾಲಿನಲ್ಲಿ ಎಲ್ಲರಿಗಿಂತ ಎತ್ತರವಿದ್ದವನು ಮುನೇಶ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಮೆಕ್ಯಾನಿಕ್. ಅವನಿಗೆ ಕೆಂಪು ಕೋಟು ತೊಡಿಸಿ ಕಂಪನಿಯ ಸುಬೇದಾರ ಮಾಡಿದರು. ಅವನ ಅಕ್ಕ ಗಂಗುಲಮ್ಮನನ್ನು ಹೆಣವಾಗಲು ಕರೆದರು.

"ಮನೇಲಿ ಹುಳ ಐತೆ ಕಣಪ್ಪ," ಅಂದಳು ಗಂಗುಲಮ್ಮ. "ಸಾಯಕ್ಕೆ ಪುರುಸೊತ್ತಿಲ್ಲ."

ಗಂಗುಲಮ್ಮನ ಹುಳದ ಮನೆ ಇದ್ದದ್ದು ಆ ಪ್ಲೈವುಡ್ ಕೋಟೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿ. ಅವಳ ಅಪ್ಪ ಕೋನಪ್ಪನಿಗೆ ಮಂಜೂರಾಗಿದ್ದ ಒಂದು ಎಕರೆ ಹಿಪ್ಪುನೇರಳೆ ತೋಟ, ಅದರ ಮೂಲೆಯಲ್ಲಿ ಶೀಟಿನ ಮನೆ. ಒಳಗೆ ಇನ್ನೂರು ಮೊಟ್ಟೆಯ ರೇಷ್ಮೆ ಹುಳ; ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಗುಣಿ. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ಬೀಡಿ ಸೇದಿ ಬಂದವರಿಗೆ ಬಾಗಿಲಿಂದಲೇ ಮಾತು. ಹುಳಕ್ಕೆ ಹೊಗೆ ಆಗುವುದಿಲ್ಲ. ಹೋದ ಬೆಳೆಯಲ್ಲಿ ಮುನಿವೆಂಕಟಪ್ಪ ಹೊಲದ ಕೂಳೆಗೆ ಬೆಂಕಿ ಹಾಕಿಸಿದ್ದರು. ಗೂಡು ಕಟ್ಟಲು ತಲೆ ಎತ್ತಿದ್ದ ಹುಳ ಎತ್ತಿದ ತಲೆಯಲ್ಲೇ ಕಪ್ಪಾಗಿ ಹೋದವು. ಗಂಗುಲಮ್ಮ ಮಂಕರಿ ಮಂಕರಿ ಹೊತ್ತು ಗುಂಡಿಗೆ ಸುರಿದಳು. ಕೇಳಲು ಹೋದರೆ ಅವರು ಜಗಲಿಯ ಮೇಲಿಂದ, "ಹೊಗೆ ಏನು ನನ್ನ ಮಾತು ಕೇಳುತ್ತೇನಮ್ಮಾ? ಗಾಳಿ ಎತ್ತಲಾಗೋ ಅದೂ ಅತ್ತಲೇ" ಎಂದು ನಕ್ಕಿದ್ದರು.

ಈಗ ಶೂಟಿಂಗಿನ ಮೊದಲ ದಿನ ಬೆಳಿಗ್ಗೆಯೇ ಹುಳ ಹಣ್ಣಾದವು. ಮೈ ಹಳದಿಗೆ ತಿರುಗಿ, ಸೊಪ್ಪು ಬಿಟ್ಟು, ಬಾಯಲ್ಲಿ ನೂಲು ಹಿಡಿದು ಜಾಗ ಹುಡುಕತೊಡಗಿದವು. ಅವನ್ನು ಆರಿಸಿ, ಗೂಡು ಕಟ್ಟಿಸುವ ಬಿದಿರ ತಟ್ಟಿಗೆ, ಚಂದ್ರಿಕೆಗೆ, ಬಿಡುವ ಕೆಲಸವನ್ನು ಕಾಲೋನಿಯ ಹೆಂಗಸರಿಗೆ ಒಪ್ಪಿಸಿ, ಗಂಗುಲಮ್ಮ ಕೈ ಒರೆಸಿಕೊಳ್ಳುತ್ತ ಹರಿಣಿಯ ಹತ್ತಿರ ಹೋದಳು.

"ಮೇಡಂ, ಹೊಗೆ ಹಾಕ್ತಾರಂತೆ. ಯಾವಾಗ?"

"ಇವತ್ತೇ ಮಧ್ಯಾಹ್ನ ಅಮ್ಮ. ಕೋಟೆ ಗೋಡೆ ಒಡೆಯುತ್ತೆ, ಫುಲ್ ಹೊಗೆ, ಹೊಗೆ ಮಧ್ಯದಿಂದ ಕಿಲ್ಲೇದಾರರು ಬರ್ತಾರೆ. ನೋಡಕ್ಕೆ ಬನ್ನಿ."

"ನನ್ನ ಹುಳ ಗೂಡು ಕಟ್ಟಕ್ಕೆ ಮೂರು ದಿನ ಬೇಕು. ಅಲ್ಲೀಗಂಟ ಹೊಗೆ ತಗಲಿದ್ರೆ ಒಂದೂ ಉಳಿಯಲ್ಲ."

"ಹತ್ತೇ ನಿಮಿಷದ ಹೊಗೆ."

"ಸಾಯಕ್ಕೆ ಅಷ್ಟೂ ಬೇಕಾಗಿಲ್ಲ."

ಹರಿಣಿ ಕೆಟ್ಟವಳಲ್ಲ. ನಿಜವಾಗಿ ಯೋಚಿಸಿದಳು. "ಹುಳಗಳನ್ನ ನಮ್ಮ ಕ್ಯಾರವಾನಲ್ಲಿ ಇಡಬಹುದಾ? ಎಸಿ ಇದೆ. ಎಷ್ಟಿವೆ?"

"ಎಂಬತ್ತು ಸಾವ್ರ."

ಹರಿಣಿ ಕ್ಯಾರವಾನ್ ಕಡೆ ಒಮ್ಮೆ ನೋಡಿ ಮೈ ಜುಮ್ಮೆಂದು, "ಸಾರಿ ಅಮ್ಮ, ಚಾನೆಲ್‌ನೋರು ಡೇಟ್ ಕೊಟ್ಬಿಟ್ಟಿದಾರೆ" ಎಂದಳು. ಆಮೇಲೆ ಹೊಗೆ ಹಾಕುವವನ ಕಡೆ ತಿರುಗಿ, "ಟ್ರಂಕಲ್ಲಿರೋ ಹೊಗೆ ಡಬ್ಬಿಗಳು ಒಂದೇ ಟೇಕ್‌ಗೆ ಆಗೋದು. ಕಿಲ್ಲೇದಾರರು ಕತ್ತಿ ಒಪ್ಪಿಸೋದು ರಿಹರ್ಸಲ್‌ನಲ್ಲಿ ಪರ್ಫೆಕ್ಟ್ ಆಗೋವರೆಗೂ ಯಾರೂ ಟ್ರಂಕ್ ತೆಗೀಬೇಡಿ" ಎಂದಳು. ಗಂಗುಲಮ್ಮ ಆ ಮಾತನ್ನು ಕಿವಿಯಲ್ಲಿಟ್ಟುಕೊಂಡು ಅಲ್ಲೇ ನಿಂತಳು.

ಹರಿಣಿ ಕಿಲ್ಲೇದಾರನಿಗೆ ದೃಶ್ಯ ವಿವರಿಸಿದಳು. "ಕೊನೇಲಿ ಕೋಟೆ ಬೀಳುತ್ತೆ ಸರ್."

"ಬೀಳುತ್ತಾ?" ಮುನಿವೆಂಕಟಪ್ಪನವರ ಜರಿಪೇಟ ಅಲುಗಿತು. "ಯಾಕೆ ಬೀಳಬೇಕು?"

"ಅದು ಇತಿಹಾಸ ಸರ್."

"ಇತಿಹಾಸ ಇರ್ಲಿ ಮೇಡಂ, ಹೊಲ ನಂದು."

"ಬಿದ್ದ ಮೇಲೆ ಸುಬೇದಾರ ಬಂದು ನಿಮ್ಮ ಭುಜ ಹಿಡೀತಾನೆ. ಪೇಟ ತೆಗೀತಾನೆ. ನೀವು ಕತ್ತೀನ ಅವನ ಕೈಗೆ ಕೊಡ್ತೀರ. ಕಣ್ಣಲ್ಲಿ ನೀರು."

ಮುನಿವೆಂಕಟಪ್ಪ ಸುಬೇದಾರ ಯಾರೆಂದು ನೋಡಿದರು. ಕೆಂಪು ಕೋಟಿನಲ್ಲಿ ಮುನೇಶ ಕೈ ಚಾಚಿ ನಿಂತಿದ್ದ. ಕಣ್ಣಲ್ಲಿ ಆಗಲೇ ನೀರು ಬಂದ ಹಾಗಿತ್ತು, ಮುನಿವೆಂಕಟಪ್ಪನವರಿಗೆ.

ರಿಹರ್ಸಲ್ ಶುರುವಾಯಿತು. ಕಿಲ್ಲೇದಾರ ಗೋಡೆಯ ಬಿರುಕಿನಿಂದ ಬಂದರು, ಎರಡು ಮಾರು ದೂರದಲ್ಲೇ ನಿಂತರು, ಕತ್ತಿಯನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. "ಎತ್ಕೊಳ್ಳಲಿ," ಅಂದರು.

"ನೆಲದಲ್ಲಲ್ಲ ಸರ್. ಕೈಗೆ."

ಎರಡನೆಯ ಸಲ ಹತ್ತಿರ ಬಂದು, ಮುನೇಶನ ಅಂಗೈಗಿಂತ ಒಂದು ಮೊಳ ಮೇಲಿಂದ ಕತ್ತಿ ಬಿಟ್ಟರು. ಅದು ಅವನ ಬೂಟಿನ ಮೇಲೆ ಬಿತ್ತು. ಆ ಕೈಯ ವರಸೆ ಕಾಲೋನಿಯ ಪ್ರತಿಯೊಬ್ಬರಿಗೂ ಗೊತ್ತು. ನೀರು ಅದೇ ಎತ್ತರದಿಂದ ಬೀಳುತ್ತಿತ್ತು, ಕೂಲಿಯ ನೋಟೂ ಅದೇ ಎತ್ತರದಿಂದ ಬೀಳುತ್ತಿತ್ತು. ಈಗ ಇತಿಹಾಸವೂ ಅದೇ ಎತ್ತರದಿಂದ ಬಿತ್ತು.

ಹರಿಣಿಗೆ ಅದು ಅಭಿನಯದಂತೆ ಕಂಡಿತು. "ವಾವ್! ಸೋತರೂ ಬಿಡದ ಅಹಂಕಾರ! ಆದ್ರೆ ಸರ್, ಎರಡೂ ಕೈ ಒಟ್ಟಿಗೆ ಕತ್ತಿ ಹಿಡಿದಿರೋ ಫ್ರೇಮ್ ನನಗೆ ಬೇಕು. ಟಚ್ ಆಗ್ಬೇಕು."

"ಮಧ್ಯಾಹ್ನ ರಾಹುಕಾಲ ಮೇಡಂ," ಅಂದರು ಮುನಿವೆಂಕಟಪ್ಪ. ರಾಹುಕಾಲ ಕಳೆದ ಮೇಲೆ ಸೊಂಟ ಹಿಡಿಯಿತು. ಸೊಂಟ ಬಿಟ್ಟ ಮೇಲೆ ಬಿಸಿಲು ನಂದಿಬೆಟ್ಟದ ಹಿಂದೆ ಇಳಿಯಿತು. ಮೊದಲ ದಿನ ಕೋಟೆ ಬೀಳಲಿಲ್ಲ.

ಮುನೇಶ ಉರಿದುಕೊಂಡು ಹುಳದ ಮನೆಯ ಬಾಗಿಲಿಗೆ ಬಂದ. "ಈ ಕೋಟು ಬಿಚ್ಚಿ ಅವನ ಮುಖದ ಮೇಲೆ ಎಸೀತೀನಿ ಕಣಕ್ಕ. ಇಪ್ಪತ್ತು ಸಲ ಕೈ ಚಾಚ್ಕೊಂಡು ನಿಂತಿದೀನಿ, ಭಿಕ್ಷೆಗೆ ನಿಂತಂಗೆ."

"ಬಿಚ್ಚು ನೋಡಣ, ಕಾಲು ಮುರೀತೀನಿ," ಅಂದಳು ಅಕ್ಕ. "ನೀನಲ್ಲಿ ಕೈ ಚಾಚಿರೋವರೆಗೂ ಅವನು ಕತ್ತಿ ಕೊಡಲ್ಲ. ಕತ್ತಿ ಕೊಡೋವರೆಗೂ ಟ್ರಂಕು ತೆಗೆಯಲ್ಲ. ಇನ್ನೆರಡು ದಿನ ನಿಂತ್ಕೊಳೋ ಅಪ್ಪ."

ಗಂಗುಲಮ್ಮನ ಮಗಳು ಸಂಘಮಿತ್ರ ಒಳಗಿಂದ ಬಂದಳು. ಚಿಂತಾಮಣಿಯ ಕಾಲೇಜಿನಲ್ಲಿ ಓದುವವಳು, ಪ್ರತಿ ಶನಿವಾರ ಅಂಬೇಡ್ಕರ್ ಭವನದಲ್ಲಿ ಕಾಲೋನಿಯವರನ್ನು ಕೂರಿಸಿಕೊಂಡು ಪುಸ್ತಕ ಓದಿ ಹೇಳುವವಳು. ಆ ವಾರ ನಂದಿದುರ್ಗದ ಮುತ್ತಿಗೆಯನ್ನೇ ಓದಿ, ಮುಗಿಸುವಾಗ, "ಗೆದ್ದದ್ದು ನಾವಲ್ಲ, ಸೋತದ್ದೂ ನಾವಲ್ಲ. ಬೆಟ್ಟದ ಮೇಲಕ್ಕೆ ಫಿರಂಗಿ ಎಳೆದವರು ಮಾತ್ರ ನಮ್ಮಂಥವರೇ ಇರಬೇಕು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ" ಎಂದಿದ್ದಳು. ಈಗ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಅಮ್ಮ, ಇದನ್ನ ಈಗಲೇ ಮೈಕಲ್ಲಿ ಹೇಳಬೇಕು. ಅವರು ಯಾಕೆ ಕೊಡ್ತಿಲ್ಲ ಅಂತ ಬೆಂಗಳೂರಿನೋರಿಗೆ ಗೊತ್ತಾಗ್ಲಿ."

"ಹೇಳಣ. ಹುಳ ಬಾಗಿಲು ಹಾಕ್ಕೊಳ್ಳಲಿ, ಆಮೇಲೆ ಹೇಳಣ."

"ಅನುಕೂಲ ನೋಡ್ಕೊಂಡು ಹೇಳೋದು ಹೋರಾಟ ಅಲ್ಲಮ್ಮ."

"ನಿನ್ನ ತಾತನ ಕಾಲದಿಂದ ಅವರ ಮಡಿಗೆ ನಾವು ದುಡಿದಿದೀವಿ," ಅಂದಳು ಗಂಗುಲಮ್ಮ. "ಮೂರು ದಿನ ಅವರ ಮಡಿ ನನ್ನ ಹತ್ರ ಕೂಲಿ ಮಾಡಲಿ ಬಿಡೇ."

ಸಂಘಮಿತ್ರ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಲು ಹೋದಳು.

ಎರಡನೆಯ ದಿನ ಮುನಿವೆಂಕಟಪ್ಪ ಉಪಾಯ ಮಾಡಿಕೊಂಡೇ ಬಂದರು. ಜೊತೆಯಲ್ಲಿ ಮಗ ರಮೇಶ್‌ಬಾಬು. "ಮೇಡಂ, ಸುಬೇದಾರನ ಪಾರ್ಟು ಇವನಿಗೆ ಕೊಡಿ. ಪಿಯುಸಿಲಿ ನಾಟಕ ಆಡಿದಾನೆ. ಅಪ್ಪ ಮಗ ಅಂದ್ರೆ ಒಂದೇ ಸಲಕ್ಕೆ ಮುಗಿಸ್ಬಿಡ್ತೀವಿ." ದಿನ ಕಳೆದುಕೊಂಡಿದ್ದ ಹರಿಣಿ ಒಪ್ಪಿದಳು. ಮುನೇಶ ಕೋಟು ಬಿಚ್ಚಿದ. ರಮೇಶ್‌ಬಾಬು ತೊಟ್ಟ. ಹೊಗೆಯವನು ಟ್ರಂಕಿನ ಬೀಗಕ್ಕೆ ಕೈ ಹಾಕಿದ.

ಚಂದ್ರಿಕೆಯಲ್ಲಿ ಹುಳ ಆಗಷ್ಟೇ ತೆಳ್ಳನೆಯ ಜಾಲ ನೇಯ್ದು ಒಳಗೆ ಕೂತಿದ್ದವು. ಹೊರಗಿಂದ ನೋಡಿದರೆ ತಲೆ ಆಡಿಸುವುದು ಕಾಣುತ್ತಿತ್ತು. ಗಂಗುಲಮ್ಮ ಓಡಲಿಲ್ಲ. ಸೊಪ್ಪಿನ ಮಂಕರಿ ಕಂಕುಳಲ್ಲಿಟ್ಟುಕೊಂಡು, ಏನೂ ಅವಸರವಿಲ್ಲದವಳ ಹಾಗೆ ಮುನಿವೆಂಕಟಪ್ಪನವರ ಹಿತ್ತಿಲ ಬೇಲಿಯ ಹತ್ತಿರ ನಿಂತಳು. ಅವರ ಹೆಂಡತಿ ಚಿಕ್ಕವೆಂಕಟಮ್ಮ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಶೂಟಿಂಗ್ ನೋಡಕ್ಕೆ ಬರ್ಲಿಲ್ವಾ ಅಮ್ಮಾ? ನಿಮ್ಮ ಮಗಂಗೂ ಪಾರ್ಟು ಸಿಕ್ತಲ್ಲ."

"ಔನಾ! ಏನು ಪಾರ್ಟೇ?"

"ಏನಿಲ್ಲ, ಯಜಮಾನ್ರ ತಲೆ ಮೇಲಿಂದ ಪೇಟ ತೆಗೆಯೋದಂತೆ. ತೆಗೆದು ಇವನ ಕೈಲಿ ಹಿಡ್ಕೋಬೇಕಂತೆ. ಟೀವಿಲಿ ಬರುತ್ತಂತೆ."

ಹುಣಸೆಹಣ್ಣು ನೆಲಕ್ಕೆ ಬಿತ್ತು. ಮಂಡಿನೋವಿಗೆ ಆರು ತಿಂಗಳಿಂದ ಹೊಸಿಲು ದಾಟಿರದ ಚಿಕ್ಕವೆಂಕಟಮ್ಮ ಸೆರಗು ಸಿಕ್ಕಿಸಿಕೊಂಡು ಹೊಲಕ್ಕೆ ಓಡಿದ ವೇಗಕ್ಕೆ ಕಂಪನಿಯ ಇಡೀ ಸೇನೆ ದಾರಿ ಬಿಟ್ಟುಕೊಟ್ಟಿತು.

"ಅಯ್ಯೋ ದೇವುಡಾ! ಅಪ್ಪ ಗುಂಡುಕಲ್ಲಿನಂಗೆ ನಿಂತಿರುವಾಗ್ಲೇ ಮಗ ಪೇಟ ಕೀಳೋದಾ! ನನ್ನ ಕುಂಕುಮ ಅಳಿಸಕ್ಕೆ ಬಂದಿದೀಯೇನೋ ಪಾಪಿ? ಬಿಚ್ಚೋ ಆ ಕೋಟು!"

"ಅಮ್ಮಾ, ಇದು ಆಕ್ಟಿಂಗು..."

"ಎಮ್ಮೆಗೆ ಹುಲ್ಲು ಹಾಕು ಅಂದ್ರೆ ಹಾಕ್ದೋನಲ್ಲ, ಆಕ್ಟಿಂಗಂತೆ! ಬಿಚ್ಚು!"

ಹರಿಣಿ ನಡುವೆ ಬಂದಳು. ಅವಳಿಗೂ ಬೈಗುಳ ಸಿಕ್ಕಿತು, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ನರಸಿಂಹಮೂರ್ತಿ ಸ್ಕ್ರಿಪ್ಟ್ ತೋರಿಸಲು ಹೋಗಿ ಸ್ಕ್ರಿಪ್ಟ್ ಕಳೆದುಕೊಂಡ. ರಮೇಶ್‌ಬಾಬು ಕೋಟು ಬಿಚ್ಚಿದ, ಮುನೇಶ ಮತ್ತೆ ತೊಟ್ಟ. ಊರಿನ ಸಾಲಿನಿಂದ ಬೇರೆ ಯಾರನ್ನಾದರೂ ಹಾಕೋಣವೆಂದರೆ, ಯಜಮಾನರ ಪೇಟ ಕಿತ್ತವನು ನಾಳೆ ಇದೇ ಊರಲ್ಲಿ ಓಡಾಡಬೇಕಲ್ಲ ಎಂದು ಒಬ್ಬೊಬ್ಬರೇ ಗೋಡೆಯ ಹಿಂದೆ ಸರಿದರು. ಎರಡನೆಯ ದಿನವೂ ಕೋಟೆ ಬೀಳಲಿಲ್ಲ.

ಮೂರನೆಯ ದಿನ ಚಾನೆಲ್‌ನಿಂದ ಫೋನಿನ ಮೇಲೆ ಫೋನು. ಹರಿಣಿಯ ತಾಳ್ಮೆ ಕೆಟ್ಟಿತು. "ಕತ್ತಿ ಬೇಡ, ಪೇಟ ಬೇಡ, ಕಿಲ್ಲೇದಾರನೂ ಬೇಡ. ಗೋಡೆ ಒಡೀಲಿ, ಹೊಗೆ ಬರ್ಲಿ, ಸಿಪಾಯಿಗಳು ನುಗ್ಗಲಿ. ಉಳಿದದ್ದು ಎಡಿಟಿಂಗ್‌ನಲ್ಲಿ ನೋಡ್ಕೋತೀನಿ. ಟ್ರಂಕ್ ತೆಗೀರಿ!"

"ಮೇಡಂ!" ಸಂಘಮಿತ್ರ ಪುಸ್ತಕ ಹಿಡಿದು ಮುಂದೆ ಬಂದಳು. "ಆ ಮುತ್ತಿಗೆ ಮೂರು ವಾರ ನಡೆದಿದೆ. ನೀವು ಮೂರೇ ದಿನಕ್ಕೆ ಬೀಳಿಸಿದ್ರೆ ಹೇಗೆ?"

"ನನಗಿರೋದು ಎರಡು ಎಪಿಸೋಡ್ ಕಣಮ್ಮ!"

ಹೊಗೆಯವನು ಬೀಗ ತೆಗೆದ. ಗಂಗುಲಮ್ಮನಿಗೆ ಇನ್ನು ಉಳಿದದ್ದು ಒಂದೇ ದಾರಿ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಸದ್ಯ ಬಚಾವಾದೆ ಎಂದು ಎಳನೀರು ಕುಡಿಯುತ್ತಿದ್ದ ಮುನಿವೆಂಕಟಪ್ಪನವರ ಹತ್ತಿರ ಹೋಗಿ, ಗೌರವಕ್ಕೆ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಳು.

"ಪಾಪ ಯಜಮಾನ್ರೇ. ಇಷ್ಟು ಮಾಡಿದ್ರಿ. ಕೊನೆಗೆ ನಿಮ್ಮ ಮುಖಾನೇ ಟೀವಿಲಿ ಬರಲ್ವಂತಲ್ಲ."

"ಯಾರಂದಿದ್ದು?"

"ಮೇಡಂ ಅಂದ್ರು, ಕಿಲ್ಲೇದಾರ ಬೇಡ ಅಂತ. ಹೊಗೆ ಹಾಕಿದ್ರೆ ಅಲ್ಲಿಗೆ ಮುಗೀತಂತೆ. ಚಿಕ್ಕಬಳ್ಳಾಪುರದ ನಿಮ್ಮ ಬೀಗರಿಗೆಲ್ಲ ಹೇಳಿದ್ರಲ್ಲ, ನೋಡಿ ಅಂತ. ಏನು ನೋಡ್ತಾರೆ ಅವ್ರು, ಹೊಗೇನಾ?"

ಎಳನೀರು ಕೆಳಗಿಟ್ಟರು. ಬೀಗರು, ಡೈರಿ ಸಂಘದವರು, ಮಂಚೇನಹಳ್ಳಿಯ ಷಡ್ಡಕ, ಎಲ್ಲರ ಮುಖ ಕಣ್ಣ ಮುಂದೆ ಬಂದಿರಬೇಕು. ಜರಿಪೇಟ ಸರಿಮಾಡಿಕೊಂಡು ದಾಪುಗಾಲಿಟ್ಟು ಹೋದವರೇ, ತೆರೆದಿದ್ದ ಟ್ರಂಕಿನ ಮುಚ್ಚಳವನ್ನು ಧಡಾರನೆ ಹಾಕಿ ಅದರ ಮೇಲೆ ಕೂತರು. ಕತ್ತಿ ತೊಡೆಯ ಮೇಲೆ.

"ನಾನಿಲ್ದೆ ಹೊಗೆ ಇಲ್ಲ," ಅಂದರು.

"ಸರ್, ಏಳಿ ಸರ್."

"ನನ್ನ ಹೊಲ, ನನ್ನ ಕೋಟೆ. ನನ್ನ ಬಿಟ್ಟು ಅದು ಹೆಂಗೆ ಬೀಳುತ್ತೋ ನೋಡ್ತೀನಿ."

"ಹಾಗಾದ್ರೆ ಕತ್ತಿ ಕೊಡ್ತೀರಾ?"

"ಅದೂ ಇಲ್ಲ."

ಮಧ್ಯಾಹ್ನದ ಊಟ ಅಲ್ಲಿಗೇ ತರಿಸಿಕೊಂಡರು. ಸಂಜೆಯವರೆಗೆ ಎದ್ದೇಳಲಿಲ್ಲ. ಹೋದ ಬೆಳೆಯ ಹುಳವನ್ನು ಹೊಗೆ ಹಾಕಿಸಿ ಕೊಂದ ಮನುಷ್ಯ, ಈ ಬೆಳೆಯ ಹುಳಕ್ಕೆ ಹೊಗೆ ತಗಲದ ಹಾಗೆ, ಕತ್ತಿ ಹಿಡಿದು, ಜರಿಪೇಟ ತೊಟ್ಟು, ಇಡೀ ಸೇನೆಯ ಎದುರು ಟ್ರಂಕಿನ ಮೇಲೆ ಕಾವಲು ಕೂತಿದ್ದರು. ಹುಳದ ಮನೆಯ ಗೋಣಿಚೀಲದ ಸಂದಿಯಿಂದ ನೋಡಿದ ಸಂಘಮಿತ್ರ ಸೆರಗಿಲ್ಲದ್ದಕ್ಕೆ ವೇಲನ್ನೇ ಬಾಯಿಗೆ ತುರುಕಿಕೊಂಡು ನಕ್ಕಳು. ಹುಳಕ್ಕೆ ಗದ್ದಲವೂ ಆಗುವುದಿಲ್ಲ.

ನಾಲ್ಕನೆಯ ದಿನ ಬೆಳಗಾಗುತ್ತಲೇ ಗಂಗುಲಮ್ಮ ಒಂದು ಚಂದ್ರಿಕೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಹುಳವೂ ಕಾಣಲಿಲ್ಲ. ತುದಿಯಿಂದ ತುದಿಗೆ ಗೂಡು, ಗಟ್ಟಿಯಾದ, ಬೆಳ್ಳನೆಯ ಗೂಡು. ಎಂಬತ್ತು ಸಾವಿರ ಕೋಟೆಗಳು ಒಳಗಿಂದ ಬಾಗಿಲು ಹಾಕಿಕೊಂಡಿದ್ದವು. ಒಂದನ್ನು ಬೆರಳಲ್ಲಿ ಒತ್ತಿ ನೋಡಿದಳು. ಬಗ್ಗಲಿಲ್ಲ.

ಕೈ ತೊಳೆದುಕೊಂಡು ನೇರವಾಗಿ ಹರಿಣಿಯ ಹತ್ತಿರ ಹೋದಳು. ಊರಿನ ಸಾಲು, ಕಾಲೋನಿ ಸಾಲು, ಲೈಟಿನವರು, ಮೇಕಪ್ಪಿನವರು ಎಲ್ಲರೂ ಅಲ್ಲೇ ಇದ್ದರು. ಕತ್ತಿ ಹಿಡಿದ ಮುನಿವೆಂಕಟಪ್ಪ, ಕೈ ಚಾಚಿದ ಮುನೇಶ ಮತ್ತೆ ರಿಹರ್ಸಲ್ಲಿಗೆ ನಿಂತಿದ್ದರು. ಈ ಸಲ ನಾಲ್ಕು ಹೆಜ್ಜೆ ದೂರ ನಿಲ್ಲಲಿಲ್ಲ.

"ಮೇಡಂ, ಮೂರು ದಿನದಿಂದ ಕತ್ತಿ ಯಾಕೆ ಕೊಡ್ತಿಲ್ಲ ಅಂತ ನಿಮಗೆ ಗೊತ್ತಾ? ರಾಹುಕಾಲ ಅಲ್ಲ, ಸೊಂಟಾನೂ ಅಲ್ಲ. ಆ ಕೈ ನಮ್ಮ ಮುನೇಶಂದು. ಮುಟ್ಟಿದ್ರೆ ಮೈಲಿಗೆ. ಅದಕ್ಕೇ ಮೇಲಿಂದ ಬಿಡ್ತಾರೆ."

ಹರಿಣಿಯ ಮುಖದಿಂದ ನಿದ್ದೆ ಇಳಿದುಹೋಯಿತು. ನರಸಿಂಹಮೂರ್ತಿ ಎರಡು ಸಾಲುಗಳನ್ನೂ ನಡುವಿನ ಜಾಗವನ್ನೂ ಮೊದಲ ಸಲ ನೋಡಿದ ಹಾಗೆ ನೋಡಿದ. ಮುನೇಶ ಕೈ ಇಳಿಸಲಿಲ್ಲ. ಸಂಘಮಿತ್ರ ಫೋನು ಎತ್ತಿ ಹಿಡಿದಳು. ಅವಳನ್ನು ನೋಡಿ ಲೈಟಿನವರೂ ಎತ್ತಿದರು.

"ನಿಜಾನಾ ಸರ್?" ಅಂದಳು ಹರಿಣಿ.

"ಯಾ... ಯಾರು? ನಾನಾ? ಈ ಕಾಲದಲ್ಲಾ?" ಮುನಿವೆಂಕಟಪ್ಪ ಎಣಿಸಿದ್ದು ಜನರನ್ನಲ್ಲ, ಫೋನುಗಳನ್ನು. "ಪಂಚಾಯ್ತೀಲಿ ಅಂಬೇಡ್ಕರ್ ಜಯಂತಿ ಭಾಷಣ ಮಾಡೋನು ನಾನು! ಮೈಲಿಗೆಯಂತೆ! ಏಮಯ್ಯಾ ಮುನೇಶಾ, ನಿಂಗೂ ನಂಗೂ ಯಾವತ್ತಾದ್ರೂ ಭೇದ ಇತ್ತೇನೋ?"

"ನೀವೇ ಹೇಳಿ ಯಜಮಾನ್ರೇ," ಅಂದ ಮುನೇಶ. ಕೈ ಚಾಚಿದ್ದ ಹಾಗೇ ಇತ್ತು.

ಮುನಿವೆಂಕಟಪ್ಪ ಸರಸರನೆ ಬಂದು, ಮುನೇಶನ ಕೈಯನ್ನು ಎರಡೂ ಕೈಯಿಂದ ಹಿಡಿದು, ನಡುವೆ ಕತ್ತಿ ತುರುಕಿ, ತಾವೇ ಪೇಟ ಕಿತ್ತು ಅವನ ಕಂಕುಳಿಗೆ ಸಿಕ್ಕಿಸಿ, ಫೋನುಗಳ ಕಡೆ ತಿರುಗಿ ಹಲ್ಲು ಬಿಟ್ಟರು. ನಂದಿದುರ್ಗ ಬಿತ್ತು.

"ಸರ್, ಇದೇ! ಇದೇ ಬೇಕಿತ್ತು!" ಹರಿಣಿಯ ದನಿಯಲ್ಲಿ ಮೆಚ್ಚುಗೆ ಎಷ್ಟು, ಬೇರೇನು ಎಷ್ಟು ಎಂದು ಹೇಳುವುದು ಕಷ್ಟ. "ಆದ್ರೆ ಕ್ಯಾಮೆರಾ ಆನ್ ಇರ್ಲಿಲ್ಲ. ಮತ್ತೆ ಮಾಡೋಣ. ಹಲ್ಲು ಬೇಡ, ಕಣ್ಣೀರು ಬೇಕು."

ಹೊಗೆ ಹಾಕಿದರು. ಅದು ದಟ್ಟವಾಗಿ ಎದ್ದು ಮೂವತ್ತು ಹೆಜ್ಜೆ ದಾಟಿ, ಹುಳದ ಮನೆಯ ಒದ್ದೆ ಗೋಣಿಚೀಲಗಳನ್ನು ಮೂಸಿ ನೋಡಿ, ಏನೂ ಸಿಗದೆ ಮುಂದೆ ಹೋಯಿತು. ಹೊಗೆ ಮುಗಿದ ಮೇಲೆ ಕ್ಲೋಸಪ್ಪುಗಳು. ಕೈಗೆ ಕೈ, ಎಡಗಡೆಯಿಂದ. ಕೈಗೆ ಕೈ, ಬಲಗಡೆಯಿಂದ. ಭುಜದ ಮೇಲೆ ಕೈ. ಬೆರಳುಗಳು ಮಾತ್ರ. ಹರಿಣಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. "ಸರ್, ಇನ್ನೂ ಗಟ್ಟಿಯಾಗಿ ಹಿಡೀರಿ. ಬಿಡಬೇಡಿ, ನಾನು ಕಟ್ ಅನ್ನೋವರೆಗೂ ಬಿಡಬೇಡಿ." ಕಟ್ ಅನ್ನುವುದನ್ನು ಅವಳು ಆಗಾಗ ಮರೆಯುತ್ತಿದ್ದಳು. ಊಟದ ಹೊತ್ತಿಗೆ ಕೋಟೆ ಒಂಬತ್ತು ಸಲ ಬಿದ್ದಿತ್ತು.

ಊಟದ ಬಿಡುವಿನಲ್ಲಿ ಮುನಿವೆಂಕಟಪ್ಪ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊಲದಂಚಿಗೆ ಬಂದರು. ಹತ್ತಿರದಲ್ಲಿ ನೀರು ಇದ್ದದ್ದು ಹುಳದ ಮನೆಯ ಬಾಗಿಲ ಬೋಗುಣಿಯಲ್ಲಿ ಮಾತ್ರ. ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯಿತು. ಮೈಲಿಗೆ ಕಳೆಯಲು ಇದಕ್ಕಿಂತ ಒಳ್ಳೆಯ ನೀರು ಇನ್ನೆಲ್ಲಿ ಸಿಗಬೇಕು? ಬಗ್ಗಿ ಎರಡೂ ಕೈ ಚಾಚಿದರು.

"ಆ ನೀರು ಒಳಗೆ ಬರೋರಿಗೆ ಯಜಮಾನ್ರೇ," ಎಂದಳು ಬಾಗಿಲಲ್ಲಿ ನಿಂತಿದ್ದ ಗಂಗುಲಮ್ಮ. "ತೊಳ್ಕೊಂಡ್ರೆ ಒಳಗೆ ಬಂದು ಒಂದು ಗಳಿಗೆ ಕೂತು ಹೋಗಬೇಕು. ಮೂರು ದಿನ ಕಾವಲು ಕಾಯ್ದಿದೀರಿ, ಗೂಡು ನೋಡಿ, ಒಂದು ಲೋಟ ಟೀ ಕುಡೀರಿ. ಬರಲ್ಲ ಅಂದ್ರೆ ಕೈ ಹಂಗೇ ಇರ್ಲಿ."

ಮುನಿವೆಂಕಟಪ್ಪನವರ ಕೈಗಳು ನೀರಿನಿಂದ ಒಂದು ಮೊಳ ಮೇಲೆ ನಿಂತವು. ಅದೇ ಎತ್ತರ.

"ಕಾವಲಾ? ನಾನ್ಯಾವಾಗ..." ಎಂದು ಶುರುಮಾಡಿದವರು ಟ್ರಂಕಿನ ಕಡೆ ನೋಡಿದರು, ಹುಳದ ಮನೆಯ ಕಡೆ ನೋಡಿದರು, ಗೋಣಿಚೀಲಗಳ ಕಡೆ ನೋಡಿದರು. ಲೆಕ್ಕ ನಿಧಾನವಾಗಿ ತಲೆಗೆ ಹತ್ತಿತು.

"ಗಾಳಿ ಎತ್ತಲಾಗೋ ಅತ್ತಲೇ ಅಂದಿದ್ರಲ್ಲ," ಅಂದಳು ಗಂಗುಲಮ್ಮ.

ಹೊಲದಿಂದ ಮೈಕು ಕೂಗಿತು. "ಕಿಲ್ಲೇದಾರ್ ಸರ್! ಬೇಗ ಬನ್ನಿ, ಇನ್ನೊಂದು ಕ್ಲೋಸಪ್!"

ಮುನಿವೆಂಕಟಪ್ಪ ಕೈ ಒದ್ದೆ ಮಾಡಿಕೊಳ್ಳದೆ ತಿರುಗಿದರು. ಕೋಟೆಯ ಬಿರುಕಿನ ಮುಂದೆ, ಕೆಂಪು ಕೋಟಿನಲ್ಲಿ, ಮುನೇಶ ಆಗಲೇ ಕೈ ಚಾಚಿ ನಿಂತಿದ್ದ.